ಮನೋವ್ಯಾಧಿಯೂ ಹರಿಪ್ರಸಾದವೂ

ಶ್ರೀಗುರುಭ್ಯೋ ನಮಃ. ಹರಿಃ ಓಮ್.



ಕಳೆದ ಏಕಾದಶಿಯ ಸಂಜೆ ಭಜನೆ ಮುಗಿದು, ಮಂಗಳಾರತಿಯನ್ನು ಕಣ್ಣಿಗೊತ್ತಿಕೊಂಡು ಭಕ್ತರೆಲ್ಲ ಲೋಕಲ್ ಗಾಡಿಯ ಅವಸರದಲ್ಲಿ ಪಾರ್ಲೆ ಸ್ಟೇಶನ್ನಿನತ್ತ ಹೊರಟ ಮೇಲೆಯೂ ಓರ್ವ ತಾಯಿ ಬಾಗಿಲ ಬಳಿ ನಿಂತೇ ಇದ್ದರು. ಚಪ್ಪಲಿ ಸಿಗಲಿಲ್ಲವೇನೋ ಎಂದು ವಿಚಾರಿಸಲು ಹೋದೆವು. ಅವರ ಮಾತು ಬೇರೆಯೇ ಇತ್ತು.

"ರಾಯರೇ, ಮಗ ಆರು ತಿಂಗಳಿಂದ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದಾರೆ. ಮಾವನವರು ಮಾತ್ರೆ ಬೇಡ, ರಾಯರ ಸೇವೆ ಮಾಡಿಸು ಅನ್ನುತ್ತಾರೆ. ಮಾತ್ರೆ ಕೊಟ್ಟರೆ ದೇವರಲ್ಲಿ ನಂಬಿಕೆ ಇಲ್ಲ ಅಂತ ಆಗುವುದೇ?"

ಆಗ ನಾವು "ಇಲ್ಲಮ್ಮ, ಎರಡನ್ನೂ ಮಾಡಿಸಿ" ಎಂದಷ್ಟೇ ಹೇಳಿ ಕಳುಹಿಸಿದೆವು. ಮನೆಗೆ ಬಂದ ಮೇಲೆ ನಿದ್ರೆ ಬರಲಿಲ್ಲ. ಉತ್ತರ ತಪ್ಪಾಗಿತ್ತೆಂದಲ್ಲ, ಅರ್ಧವಾಗಿತ್ತೆಂದು. ಉಳಿದ ಅರ್ಧವು ನಮ್ಮ ಸ್ವಂತ ಜೀವನದಲ್ಲಿದ್ದು, ಇದೇ ಮಠದ ಇದೇ ಜಗಲಿಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕುಳಿತು ಪ್ರವಚನ ಹೇಳಿದರೂ ಅದನ್ನು ಒಮ್ಮೆಯೂ ಬಾಯಿ ಬಿಟ್ಟು ಹೇಳಿದವರಲ್ಲ. ಆ ಋಣವನ್ನು ತೀರಿಸುವುದಕ್ಕಾಗಿ ಈ ತಿಂಗಳ ಪುಟಗಳನ್ನು ಬಳಸಿಕೊಳ್ಳುತ್ತಿದ್ದೇವೆ. ಆತ್ಮಪ್ರಶಂಸೆಯಂತೆ ಆತ್ಮನಿಂದೆಯೂ ಸಭೆಯಲ್ಲಿ ಸಲ್ಲದೆಂಬುದನ್ನು ಬಲ್ಲೆವು. ಓದುಗರು ಕ್ಷಮಿಸಬೇಕು.

2003ನೆಯ ಇಸವಿ. ಉಡುಪಿಯ ಕಡೆಯಿಂದ ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದು ನಮಗೆ ಆಗ ಇಪ್ಪತ್ತೆರಡು ವರ್ಷ ಕಳೆದಿತ್ತು. ಫೋರ್ಟಿನಲ್ಲಿ ಲೆಕ್ಕಪತ್ರದ ಕೆಲಸ, ಪಾರ್ಲೆ ಪೂರ್ವದಲ್ಲಿ ಒಂದೂವರೆ ಕೋಣೆಯ ಮನೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಆ ವರ್ಷದ ಮಳೆಗಾಲದಲ್ಲಿ ನಮಗೆ ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗತೊಡಗಿತು. ಬ್ರಾಹ್ಮೀಮುಹೂರ್ತ ಸಮೀಪಿಸಿತಲ್ಲವೇ, ಒಳ್ಳೆಯದೇ ಆಯಿತೆಂದು ಮೊದಮೊದಲು ಸಂತೋಷಪಟ್ಟೆವು. ಬರಬರುತ್ತ ಎದೆಯ ಮೇಲೆ ಕಲ್ಲಿಟ್ಟಂತಹ ಭಾರ; ಅನ್ನ ರುಚಿಸದು; ಮಕ್ಕಳ ಮಾತು ದೂರದಿಂದ ಕೇಳಿದಂತೆ. ವಿಮಾನಗಳು ಮಾಳಿಗೆಯ ಮೇಲೆಯೇ ಹಾರಿ ಹೋಗುವ ಊರು ನಮ್ಮದು, ಆ ಸದ್ದೂ ನಮ್ಮನ್ನು ಮುಟ್ಟದಾಯಿತು. ಸಂಧ್ಯಾವಂದನೆಗೆ ಕುಳಿತರೆ ಆಚಮನದ ನೀರು ಅಂಗೈಯಲ್ಲೇ ಉಳಿಯುತ್ತಿತ್ತು. ಮುಂದಿನ ಮಂತ್ರ ನೆನಪಾಗದೆ ಅಲ್ಲ, ಕೈಯನ್ನು ಬಾಯವರೆಗೆ ಎತ್ತುವುದು ಏತಕ್ಕೆಂದು ತಿಳಿಯದೆ. ಗಾಯತ್ರಿಯನ್ನು ಉಪದೇಶ ಪಡೆದ ದಿನದಿಂದ ಬಿಡದವರು ನಾವು. ಅಂದು ಬಿಟ್ಟೆವು.

ಮನೆಯವರು ಸುಮ್ಮನೆ ಕೂಡಲಿಲ್ಲ. ಊರಿನಲ್ಲಿ ಜ್ಯೋತಿಷಿಗಳಿಗೆ ಜಾತಕ ತೋರಿಸಲಾಯಿತು. ಸರ್ಪಸಂಸ್ಕಾರ, ಆಶ್ಲೇಷಾಬಲಿ, ನವಗ್ರಹಹೋಮ ಎಲ್ಲವೂ ನಡೆದವು. ಇವುಗಳಲ್ಲಿ ಒಂದನ್ನೂ ನಾವು ಅಲ್ಲಗಳೆಯುವವರಲ್ಲ. ಆದರೆ ಪ್ರತಿಯೊಂದು ಸೇವೆ ಮುಗಿದಾಗಲೂ "ಈಗ ಹೇಗಿದೆ?" ಎಂದು ಕೇಳುವ ಬಂಧುಗಳ ಮುಖ ನೋಡಿ, ಇಷ್ಟು ಮಾಡಿದರೂ ಗುಣವಾಗದ ನಾವು ಎಂತಹ ಪಾಪಿಗಳೋ ಎಂಬ ಯೋಚನೆ ಹೆಚ್ಚುತ್ತ ಹೋಯಿತು. ಕಚೇರಿಯಲ್ಲಿ ಮೇಲಿನವರು "ಗಟ್ಟಿಯಾಗಿ" ಎಂದರು. ಊರಿನ ಅಣ್ಣ "ಧೈರ್ಯ ತಂದುಕೋ" ಎಂದ. ಧೈರ್ಯವು ಅಂಗಡಿಯಲ್ಲಿ ಸಿಗುವಂತಿದ್ದರೆ ತರುತ್ತಿದ್ದೆವು.

ಅದೇ ಹೊತ್ತಿಗೆ, ಮಾಧ್ವನಿಗೆ ಮಾತ್ರವೇ ಬರಬಹುದಾದ ಒಂದು ಭೀತಿ ನಮ್ಮನ್ನು ಹಿಡಿಯಿತು. ಜೀವರಲ್ಲಿ ಮೂರು ವರ್ಗವೆಂದು ನಮ್ಮ ಸಿದ್ಧಾಂತ: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಹರಿನಾಮ ಬಾಯಿಗೆ ಬಾರದು, ಪೂಜೆಯಲ್ಲಿ ಮನಸ್ಸಿಲ್ಲ, ಕತ್ತಲೆಯೊಂದೇ ನಿಜವೆಂಬಂತೆ ತೋರುತ್ತಿದೆ; ಹಾಗಾದರೆ ನಾವು ಯಾವ ವರ್ಗದವರೆಂಬುದು ಗೊತ್ತಾಗಿಯೇ ಹೋಯಿತಲ್ಲ ಎಂದು ನಿಶ್ಚಯಿಸಿದೆವು. ಒಮ್ಮೆ ಹಾಗೆ ನಿಶ್ಚಯವಾದ ಮೇಲೆ ಬದುಕುವುದಕ್ಕೆ ಕಾರಣವೇ ಉಳಿಯಲಿಲ್ಲ. ಪ್ರಾಣತ್ಯಾಗದ ಯೋಚನೆಯೂ ಬಂದಿತ್ತು. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ. ಆದರೆ ಇಂತಹ ಯೋಚನೆ ಬಂದವರು ತಾವೊಬ್ಬರೇ ಎಂದು ತಿಳಿದ ಯಾರಾದರೂ ಈ ಪುಟವನ್ನು ಓದುತ್ತಿರಬಹುದು. ಅವರಿಗಾಗಿ ಬರೆದೆವು.

ನಮ್ಮನ್ನು ಅಲ್ಲಿಂದ ಎಬ್ಬಿಸಿದವರು ಮಠದ ಆಗಿನ ವೃದ್ಧ ಅರ್ಚಕರು. ಅವರು ಈಗಿಲ್ಲ. ಒಂದು ಮಧ್ಯಾಹ್ನ, ನೈವೇದ್ಯ ಮುಗಿದು ಜನವಿಲ್ಲದ ಹೊತ್ತಿನಲ್ಲಿ, ಕಂಬಕ್ಕೆ ಒರಗಿದ್ದ ನಮ್ಮ ಪಕ್ಕದಲ್ಲಿ ಬಂದು ಕುಳಿತರು. ಬಹಳ ಹೊತ್ತು ಏನೂ ಕೇಳಲಿಲ್ಲ. ಕೊನೆಗೆ ನಾವೇ ಈ ತಮೋಯೋಗ್ಯತೆಯ ವಿಷಯವನ್ನು ಹೇಳಿಬಿಟ್ಟೆವು. ಅವರು ನಕ್ಕರು.

"ಅಲ್ಲ ರಾಯರೇ, ಯಾವ ಜೀವ ಯಾವ ವರ್ಗದ್ದು ಅಂತ ಹೇಳಲಿಕ್ಕೆ ಅಪರೋಕ್ಷ ಜ್ಞಾನಿಗಳಿಗೂ ಆ ಭಗವಂತ ತೋರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಿಮಗೆ ಯಾವಾಗ ಅಪರೋಕ್ಷ ಆಯಿತು? ತಮೋಯೋಗ್ಯನ ಲಕ್ಷಣ ಹರಿದ್ವೇಷ. ನೀವು ಇಲ್ಲಿ ಕೂತು ಅಳುವುದು ಹರಿನಾಮ ಬಾಯಿಗೆ ಬರಲಿಲ್ಲ ಅಂತ. ದ್ವೇಷ ಇದ್ದವ ಅದಕ್ಕೆ ಅಳುತ್ತಾನಾ?"

ಅನಂತರ ಅವರು ಹೇಳಿದ್ದನ್ನು ನಾವು ಎಷ್ಟೋ ವರ್ಷ ಮನನ ಮಾಡಿದ್ದೇವೆ. ಶಾಸ್ತ್ರದ ಭಾಷೆಯಲ್ಲಿ ಅದನ್ನು ಹೀಗೆ ವಿವರಿಸಬಹುದು.

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಮನಸ್ಸೆಂಬುದು ಜೀವನ ಸ್ವರೂಪವಲ್ಲ. ಕಣ್ಣು, ಕಿವಿಗಳಂತೆ ಅದೂ ಒಂದು ಇಂದ್ರಿಯ. ಅಹಂಕಾರತತ್ತ್ವದಿಂದ ಹುಟ್ಟಿದ ಜಡವಸ್ತು. ಜೀವನಿಗೆ ಸ್ವರೂಪಭೂತವಾದ ಇಂದ್ರಿಯವೊಂದು ಬೇರೆಯೇ ಇದ್ದು, ಅದಕ್ಕೆ ಸಾಕ್ಷಿಯೆಂದು ಹೆಸರು. ಕಣ್ಣಿಗೆ ಕಾಮಾಲೆಯಾದರೆ ಬಿಳಿಯ ಶಂಖವು ಹಳದಿಯಾಗಿ ತೋರುವಂತೆ, ಮನಸ್ಸು ದೋಷಯುಕ್ತವಾದಾಗ ಅದು ತರುವ ಜ್ಞಾನವೂ ದೋಷಯುಕ್ತವೇ. ಸಂಶಯವೂ ವಿಪರ್ಯಯವೂ ಮನಸ್ಸಿಗೆ ಉಂಟು, ಸಾಕ್ಷಿಗಿಲ್ಲ. "ನೀನು ನಿಷ್ಪ್ರಯೋಜಕ, ನಿನಗೆ ನಾಳೆಯಿಲ್ಲ, ನೀನಿಲ್ಲದಿದ್ದರೆ ಮಡದಿ ಮಕ್ಕಳಿಗೆ ಒಳ್ಳೆಯದು" ಎಂದು ನಮಗೆ ಹಗಲೂ ಇರುಳೂ ಹೇಳುತ್ತಿದ್ದುದು ರೋಗ ಹಿಡಿದ ಇಂದ್ರಿಯ. ಅದರ ಮಾತನ್ನು ಪ್ರಮಾಣವೆಂದು ಸ್ವೀಕರಿಸಿದ್ದೇ ನಮ್ಮ ತಪ್ಪು. ಕಾಮಾಲೆಯವನು ಶಂಖವನ್ನು ಎಸೆಯುವುದುಂಟೆ? ಕಣ್ಣಿಗೆ ಔಷಧ ಮಾಡಿಸಿಕೊಳ್ಳುತ್ತಾನೆ. ಮುಕ್ತಿಯೋಗ್ಯ ಜೀವನ ಸ್ವರೂಪವಾದರೋ ಜ್ಞಾನಾನಂದಾತ್ಮಕವಾದುದು. ಆವರಣದಿಂದ ಅದು ಕಾಣದೆ ಹೋಗಬಹುದು, ಇಂದ್ರಿಯದ ಕಾಯಿಲೆಯಿಂದ ಅದಕ್ಕೆ ಕಲೆ ಹತ್ತುವುದಿಲ್ಲ.

ಇಷ್ಟನ್ನು ತಿಳಿದಾಗ ರೋಗ ಹೋಗಲಿಲ್ಲ. ವೇದಾಂತವಿಚಾರವೊಂದರಿಂದಲೇ ವಾಸಿಯಾಯಿತೆಂದು ಬರೆದರೆ ಈ ಪುಟಕ್ಕೆ ಶೋಭೆಯೇನೋ ಹೌದು, ಸತ್ಯವಲ್ಲ. ಅರ್ಚಕರು ಕೊನೆಗೆ ಹೇಳಿದ್ದು, "ನಾಳೆ ಡಾಕ್ಟರ ಹತ್ತಿರ ಹೋಗಿ. ನಾನು ಬೇಕಾದರೆ ಜೊತೆಗೆ ಬರುತ್ತೇನೆ" ಎಂದು. ಎಪ್ಪತ್ತು ದಾಟಿದ ಆ ಬ್ರಾಹ್ಮಣರು, ಮಡಿಬಟ್ಟೆ ಬದಲಾಯಿಸಿ, ಸಾರ್ವಜನಿಕ ಆಸ್ಪತ್ರೆಯೊಂದರ ಮನೋರೋಗ ವಿಭಾಗದ ಬೆಂಚಿನ ಮೇಲೆ ನಮ್ಮೊಡನೆ ಎರಡೂವರೆ ಗಂಟೆ ಕುಳಿತರು. ಹಿಂದಿರುಗಿ ಸ್ನಾನ ಮಾಡಿ ರಾತ್ರಿಪೂಜೆಗೆ ಹೋದರು.

ಮಾತ್ರೆಯು ಮರುದಿನವೇ ಕೆಲಸ ಮಾಡುವುದಿಲ್ಲ. ಇದು ತಿಳಿಯದೆ ಅನೇಕರು ಬಿಟ್ಟುಬಿಡುತ್ತಾರೆ. ಮೊದಲ ವಾರ ಬಾಯಿ ಒಣಗುವುದು, ತೂಕಡಿಕೆ ಮುಂತಾದ ತೊಂದರೆಗಳೇ ಮುಂದೆ ಬರುತ್ತವೆ. ಗುಣವು ಕಾಣಲು ಎರಡು, ಮೂರು, ಕೆಲವೊಮ್ಮೆ ಆರು ವಾರವೂ ಬೇಕು. ಗುಣವಾಯಿತೆಂದ ಮೇಲೂ ಹಲವು ತಿಂಗಳು ಮುಂದುವರಿಸಬೇಕು. ನಾವು ಮೂರನೆಯ ತಿಂಗಳಲ್ಲಿಯೇ, ಇನ್ನೇಕೆ ಎಂಬ ಅಹಂಕಾರದಿಂದ ಬಿಟ್ಟೆವು; ಬಿಟ್ಟು ಒಂದು ತಿಂಗಳಲ್ಲಿ ಮತ್ತೆ ಹಾಸಿಗೆ ಹಿಡಿದೆವು. ಎರಡನೆಯ ಸಲ ಏಕಾದಶಿಯ ದಿನ ಮಾತ್ರೆ ನುಂಗಬಹುದೇ ಎಂಬ ಪ್ರಶ್ನೆ ಎದ್ದಿತು. ವ್ರತಕ್ಕೆ ಭಂಗ ತಾರದ ವಸ್ತುಗಳಲ್ಲಿ ಶಾಸ್ತ್ರವು ಔಷಧವನ್ನೂ ಗುರುವಚನವನ್ನೂ ಸೇರಿಸಿ ಹೇಳಿದೆಯೆಂದು ಅರ್ಚಕರು ತೋರಿಸಿಕೊಟ್ಟರು. ಆ ವಿಷಯದಲ್ಲಿ ಸಂದೇಹವಿರುವವರು ತಮ್ಮ ಗುರುಗಳನ್ನು ಕೇಳಿಕೊಳ್ಳಲಿ, ತಾವೇ ಮಾತ್ರೆ ನಿಲ್ಲಿಸದಿರಲಿ.

2004ರ ಚಳಿಗಾಲದ ಒಂದು ಬೆಳಿಗ್ಗೆ ಎಂದಿನಂತೆ ಸ್ಟೇಶನ್ನಿಗೆ ನಡೆಯುತ್ತಿದ್ದೆವು. ಬಿಸ್ಕತ್ತು ಬೇಯುವ ವಾಸನೆ ಬಂದಿತು. ಪಾರ್ಲೆಯ ಹಳಬರಿಗೆ ಇದನ್ನು ವಿವರಿಸಬೇಕಾಗಿಲ್ಲ. 1929ರಲ್ಲಿ ಆರಂಭವಾದ ಆ ಕಾರ್ಖಾನೆ 2016ರಲ್ಲಿ ಮುಚ್ಚಿತು. ಅಲ್ಲಿಯವರೆಗೆ ರೈಲು ಈ ಸ್ಟೇಶನ್ನಿಗೆ ಬಂತೆಂಬುದನ್ನು ಕಣ್ಣು ಮುಚ್ಚಿದವರೂ ಮೂಗಿನಿಂದ ತಿಳಿಯುತ್ತಿದ್ದರು. ಆ ವಾಸನೆ ದಿನವೂ ಇದ್ದೇ ಇತ್ತು. ಒಂದೂವರೆ ವರ್ಷ ನಮಗೆ ಬಂದಿರಲಿಲ್ಲ. ಅಂದು ಬಂದಿತು. ಸೇತುವೆಯ ಮೆಟ್ಟಿಲ ಬಳಿ ನಿಂತು ಅತ್ತೆವು. ಜನ ನಮ್ಮನ್ನು ಸರಿಸಿಕೊಂಡು ಹೋದರು. ಮುಂಬಯಿಯಲ್ಲಿ ಅದೊಂದು ಸೌಲಭ್ಯ, ಯಾರೂ ನಿಂತು ನೋಡುವುದಿಲ್ಲ. ಅಂದಿನ ಸಂಜೆ ಸಂಧ್ಯಾವಂದನೆ ಪೂರ್ತಿಯಾಯಿತು.

ಇನ್ನು ಆ ತಾಯಿಯ ಮಾವನವರಂತಹ ಹಿರಿಯರ ಆಕ್ಷೇಪ. ಅವರನ್ನು ಹಗುರವಾಗಿ ಕಾಣಬಾರದು. "ಇದು ಪ್ರಾರಬ್ಧ, ಭೋಗಿಸಿಯೇ ತೀರಬೇಕು" ಎಂಬುದು ಅವರ ಮಾತಿನ ಸಾರ. ಹಸಿವೂ ಪ್ರಾರಬ್ಧವೇ ಅಲ್ಲವೇ? ಅದಕ್ಕೆ ಅನ್ನವನ್ನು ಹುಡುಕುತ್ತೇವೆ. ಅನ್ನ ಸಿಕ್ಕುವುದೂ ಪ್ರಾರಬ್ಧದಲ್ಲಿಯೇ ಸೇರಿದೆ. ರೋಗವನ್ನು ಕೊಟ್ಟ ಸರ್ವತಂತ್ರಸ್ವತಂತ್ರನೇ ಧನ್ವಂತರಿಯಾಗಿ ಅಮೃತಕಲಶ ಹಿಡಿದು ಬಂದನು. ನಮ್ಮ ಪ್ರಾಚೀನರ ವೈದ್ಯಶಾಸ್ತ್ರವೂ ಇದನ್ನು ಒಂದೇ ಕಡೆಯಿಂದ ನೋಡಲಿಲ್ಲ. ಚರಕಸಂಹಿತೆಯು ಚಿಕಿತ್ಸೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ಮಂತ್ರ, ಹೋಮ, ಉಪವಾಸಾದಿಗಳಿಂದ ಕೂಡಿದ ದೈವವ್ಯಪಾಶ್ರಯ, ಆಹಾರ ಔಷಧಗಳಿಂದ ಕೂಡಿದ ಯುಕ್ತಿವ್ಯಪಾಶ್ರಯ, ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂದೆಗೆಯುವ ಸತ್ತ್ವಾವಜಯ. ನಮ್ಮ ಮನೆಯಲ್ಲಿ ಮೊದಲನೆಯದನ್ನು ಹತ್ತು ಸಲ ಮಾಡಿ ಉಳಿದೆರಡನ್ನು ಮುಟ್ಟದೆ ಇದ್ದುದೇ ಕೊರತೆಯಾಗಿತ್ತು.

ದಾಸಸಾಹಿತ್ಯದ ಪರಂಪರೆಯಲ್ಲಿಯೇ ಒಂದು ದೃಷ್ಟಾಂತವಿದೆ. ಮಾನ್ವಿಯ ಶ್ರೀನಿವಾಸಾಚಾರ್ಯರು ಮಹಾಪಂಡಿತರು. ಕನ್ನಡದಲ್ಲಿ ಪದ ಹಾಡುವ ದಾಸರೆಂದರೆ ಅವರಿಗೆ ತಾತ್ಸಾರ. ಶ್ರೀ ವಿಜಯದಾಸರನ್ನು ಕಡೆಗಣಿಸಿದ ಬಳಿಕ ಉದರವ್ಯಾಧಿಯಿಂದ ಹಾಸಿಗೆ ಹಿಡಿದರು. ಆಯುಷ್ಯ ಮುಗಿದಂತೆಯೇ ಆಯಿತು. ವಿಜಯದಾಸರು ಅವರನ್ನು ತಮ್ಮ ಶಿಷ್ಯರಾದ ಉತ್ತನೂರಿನ ಗೋಪಾಲದಾಸರಲ್ಲಿಗೆ ಕಳುಹಿಸಿದರು. ಗೋಪಾಲದಾಸರು ಮಾಡಿದ್ದನ್ನು ಗಮನಿಸಬೇಕು. ತಪ್ಪನ್ನು ಎತ್ತಿ ಆಡಲಿಲ್ಲ. ಧನ್ವಂತರಿಯ ಜಪ ಮಾಡಿ ಜೋಳದ ಭಕ್ಕರಿಯನ್ನು ಉಣಿಸಿದರು. ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದರು. ಜಪವೂ ಇತ್ತು, ಹೊಟ್ಟೆಗೆ ಊಟವೂ ಇತ್ತು, ಪಕ್ಕದಲ್ಲಿ ಕುಳಿತ ಮನುಷ್ಯನೂ ಇದ್ದನು. ಬದುಕಿ ಉಳಿದ ಶ್ರೀನಿವಾಸಾಚಾರ್ಯರು ಪಂಢರಪುರದ ಚಂದ್ರಭಾಗೆಯಲ್ಲಿ ಅಂಕಿತವನ್ನು ಪಡೆದು ಜಗನ್ನಾಥದಾಸರಾದರು. ಹರಿಕಥಾಮೃತಸಾರವು ಆ ಕೊಡುಗೆಯ ವರ್ಷಗಳಲ್ಲಿ ಬಂದಿತು. ಅದು ಹೊಟ್ಟೆಯ ಬೇನೆ, ಮನಸ್ಸಿನದಲ್ಲ ಎಂದು ಯಾರಾದರೂ ಹೇಳಬಹುದು. ನಿಜವೇ. ಆದರೆ ಹೊಟ್ಟೆಯ ಬೇನೆಗೆ ಊಟ ಕೊಟ್ಟುದನ್ನು ಯಾರೂ ನಾಸ್ತಿಕತೆಯೆನ್ನಲಿಲ್ಲವಲ್ಲ.

ಪಕ್ಕದಲ್ಲಿ ಕುಳಿತುಕೊಳ್ಳುವವರು ಹೇಗೆ ಮಾತನಾಡಬೇಕು? ಕುರುಕ್ಷೇತ್ರದಲ್ಲಿ ಅರ್ಜುನನಿಗೆ ಮೈ ನಡುಗಿತು, ಬಾಯಿ ಒಣಗಿತು, ಮನಸ್ಸು ಸುತ್ತಿದಂತಾಯಿತು, ನಿಲ್ಲಲಾರದೆ ರಥದಲ್ಲಿ ಕುಸಿದನು. ಶ್ರೀಕೃಷ್ಣನು ಮೊದಲಿಗೆ, ಈ ಹೇಡಿತನ ನಿನಗೆ ತಕ್ಕುದಲ್ಲ, ಏಳು, ಎಂಬರ್ಥದಲ್ಲಿ ಗದರಿಸಿದನು. ಅರ್ಜುನನು ಏಳಲಿಲ್ಲ, ಯುದ್ಧ ಮಾಡೆನೆಂದು ಹೇಳಿ ಸುಮ್ಮನಾಗಿಬಿಟ್ಟನು. ಸಾಕ್ಷಾತ್ ಭಗವಂತನೇ "ಧೈರ್ಯ ತಂದುಕೋ" ಎಂದಾಗ ಏಳದವನು ನಮ್ಮ ನಿಮ್ಮ ಮಾತಿಗೆ ಏಳುವನೇ? ಸರ್ವಜ್ಞನಿಗೆ ಇದು ತಿಳಿಯದ್ದೇನಲ್ಲ. ಮುಂದೆ ಬರುವ ನಮ್ಮಂತಹವರಿಗೆ ತೋರಿಸುವುದಕ್ಕೇ ಹಾಗೆ ನಡೆಸಿದನೆಂದು ನಮಗನಿಸುತ್ತದೆ. ಆಮೇಲೆ ಅವನು ನಸುನಗುತ್ತ ಮಾತಿಗೆ ತೊಡಗಿ, ಕೇಳಿದ್ದನ್ನೇ ಮತ್ತೆ ಕೇಳಿದರೂ ಬೇಸರಿಸದೆ, ಹದಿನೆಂಟು ಅಧ್ಯಾಯಗಳಷ್ಟು ಹೊತ್ತನ್ನು ಕೊಟ್ಟನು.

ಇದಕ್ಕಿಂತಲೂ ನಮ್ಮ ಮನಸ್ಸಿಗೆ ಹತ್ತಿರವಾದುದು ಸುಂದರಕಾಂಡದ ಪ್ರಸಂಗ. ಅಶೋಕವನದಲ್ಲಿದ್ದುದು ಸೀತೆಯ ಪ್ರತಿಕೃತಿ ಮಾತ್ರ, ಜಗನ್ಮಾತೆಗೆ ದುಃಖದ ಲೇಶವೂ ಇಲ್ಲವೆಂದು ಶ್ರೀಮದಾಚಾರ್ಯರು ತಾತ್ಪರ್ಯನಿರ್ಣಯದಲ್ಲಿ ಸ್ಪಷ್ಟಪಡಿಸಿದ್ದಾರೆ. ಆದ್ದರಿಂದ ಅಲ್ಲಿ ಕಾಣುವ ಶೋಕವು ನಮ್ಮ ಶಿಕ್ಷಣಕ್ಕಾಗಿಯೇ ಇರುವುದು. ರಾಕ್ಷಸಿಯರ ನಡುವೆ, ರಾಮನು ಬಾರನೆಂದು ಬಗೆದು, ದೇವಿಯು ಪ್ರಾಣವನ್ನೇ ಬಿಡಲು ಯೋಚಿಸಿದ ಗಳಿಗೆ ಅದು. ಮೇಲೆ ಶಿಂಶಪಾವೃಕ್ಷದಲ್ಲಿ ಮುಖ್ಯಪ್ರಾಣದೇವರು ಎಲೆಗಳ ಮರೆಯಲ್ಲಿದ್ದಾರೆ. ಸಮುದ್ರವನ್ನು ದಾಟಿ ಬಂದವರು, ಕೂಡಲೇ ಕೆಳಗೆ ಧುಮುಕಬಹುದಾಗಿತ್ತು. ಹಾಗೆ ಮಾಡಲಿಲ್ಲ. ಯಾವ ಭಾಷೆಯಲ್ಲಿ ಮಾತನಾಡಲಿ ಎಂದು ಯೋಚಿಸಿದರು! ಪಂಡಿತರಂತೆ ಸಂಸ್ಕೃತವನ್ನಾಡಿದರೆ ರಾವಣನೆಂದು ಹೆದರಿಯಾಳು. ಆಕೆಗೆ ಪರಿಚಿತವಾದ ಮನುಷ್ಯರ ನುಡಿಯಲ್ಲಿಯೇ ಆಡಬೇಕು ಎಂದು ನಿಶ್ಚಯಿಸಿದರು. ಅನಂತರವೂ ಉಪದೇಶ ಮಾಡಲಿಲ್ಲ, ಅಳಬೇಡ ಎನ್ನಲಿಲ್ಲ. ದಶರಥನೆಂಬ ರಾಜನಿದ್ದನೆಂದು ಮೊದಲ್ಗೊಂಡು, ಆಕೆಯದೇ ಕಥೆಯನ್ನು ಆಕೆಗೆ ಕೇಳುವಷ್ಟು ಮೆಲ್ಲನೆ ಹೇಳಿದರು. ದೇವಿಯು ತಲೆಯೆತ್ತಿ ನೋಡಿದಳು. ಸಂಶಯಪಟ್ಟಳು, ಮಾಯಾವಿಯೇ ಇರಬೇಕೆಂದಳು. ಅವರು ಕೋಪಿಸಿಕೊಳ್ಳಲಿಲ್ಲ, ನಂಬಿಕೆ ಬರುವವರೆಗೆ ಕಾದು ಆಮೇಲೆ ಉಂಗುರವನ್ನು ಕೊಟ್ಟರು. ಪಾರ್ಲೆ ಪೂರ್ವದ ಹನುಮಾನ್ ರಸ್ತೆಯಲ್ಲಿ ನಡೆಯುವಾಗಲೆಲ್ಲ ನಮಗೆ ನೆನಪಾಗುವುದು ಸಂಜೀವನಪರ್ವತವನ್ನು ಹೊತ್ತ ಹನುಮಂತನಲ್ಲ, ಮರದ ಮೇಲೆ ಕುಳಿತು ಯಾವ ಭಾಷೆಯೆಂದು ಚಿಂತಿಸಿದ ಹನುಮಂತ.

ವಲಸೆ ಬಂದ ನಮಗೆ ಈ ಭಾಷೆಯ ಮಾತು ಸಣ್ಣದಲ್ಲ. ಕಚೇರಿಯಲ್ಲಿ ಇಂಗ್ಲಿಷು, ಪೇಟೆಯಲ್ಲಿ ಹಿಂದಿ ಮರಾಠಿ, ಮನೆಯಲ್ಲಿ ತುಳುವೋ ಕನ್ನಡವೋ. ಆಸ್ಪತ್ರೆಯಲ್ಲಿ ವೈದ್ಯರು ಏನಾಗುತ್ತಿದೆಯೆಂದು ಹಿಂದಿಯಲ್ಲಿ ಕೇಳಿದಾಗ ನಮಗೆ ಬಂದುದು ತಲೆನೋವಿಗೆ ಹೇಳುವ ಪದಗಳಷ್ಟೇ. "ಜೀವ ಕುಂದುತ್ತದೆ" ಎಂಬುದನ್ನು ಯಾವ ಹಿಂದಿಯಲ್ಲಿ ಹೇಳುವುದು? ಅರ್ಚಕರು ತಮಗೆ ತಿಳಿದ ಮರಾಠಿಯಲ್ಲಿ ಹೇಳಿದರು. ಇಂದು ಈ ಕಷ್ಟ ಅಷ್ಟಿಲ್ಲ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮಾರ್ಗದರ್ಶಕ; 14416 ಸಂಖ್ಯೆಗೆ ಹಗಲಿರುಳು ಯಾವಾಗ ಕರೆದರೂ ಶುಲ್ಕವಿಲ್ಲ, ಕನ್ನಡದಲ್ಲಿಯೂ ಮಾತನಾಡಬಹುದು. ನಮ್ಮ ಕನ್ನಡನಾಡು ಈ ದಾರಿಯಲ್ಲಿ ಹಿಂದಿನಿಂದಲೂ ಮುಂದಿದೆ. 1980ರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಮನೋರೋಗಗಳ ಚಿಕಿತ್ಸೆಯನ್ನು ಕಲಿಸಿದರು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತು. ಡಾ. ಸಿ.ಆರ್. ಚಂದ್ರಶೇಖರ್ ಅವರು ಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ಈ ವಿಷಯವಾಗಿ ಅನೇಕ ಪುಸ್ತಕಗಳನ್ನು ಬರೆದಿದ್ದಾರೆ. ಮುಂಬಯಿಯಲ್ಲಿಯಾದರೆ ಪರೇಲಿನ ಕೆ.ಇ.ಎಂ., ಸಾಯನ್, ನಾಯರ್, ನಮ್ಮ ಪಾರ್ಲೆ ಪಶ್ಚಿಮದ ಕೂಪರ್, ಹೀಗೆ ಮಹಾನಗರಪಾಲಿಕೆಯ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ.

ಆದರೂ ಜನ ಹೋಗುವುದಿಲ್ಲ. ಏಕೆಂಬುದು ನಮಗೆಲ್ಲ ಗೊತ್ತು. ಶ್ರೀಮತಿ ತ್ರಿವೇಣಿಯವರ "ಶರಪಂಜರ"ವನ್ನು ಆಧರಿಸಿದ ಚಿತ್ರ ಬಂದಾಗ ನಮ್ಮ ತಾಯಂದಿರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡು ನೋಡಿದರು. ಬಾಣಂತಿತನದಲ್ಲಿ ಬುದ್ಧಿಭ್ರಮಣೆಯಾದ ಕಾವೇರಿಯು ಆಸ್ಪತ್ರೆಯಲ್ಲಿ ಗುಣಹೊಂದಿಯೇ ಮನೆಗೆ ಬಂದವಳು. ಅವಳನ್ನು ಮತ್ತೆ ಕೆಡಿಸಿದುದು ಮನೆಯವರ, ನೆರೆಯವರ ಅನುಮಾನದ ಕಣ್ಣು, ಪತಿಯ ದ್ರೋಹ. ಅತ್ತ ನಾವೇ ಜಾತಕ ಕೂಡಿಬಂದ ಮನೆಯಲ್ಲಿ ಯಾರೋ ಒಬ್ಬರು ಆಸ್ಪತ್ರೆಗೆ ಹೋಗಿದ್ದರಂತೆ ಎಂದು ಕೇಳಿ ಸಂಬಂಧವನ್ನು ಬಿಟ್ಟೆವು. ನಮ್ಮ ಮಠದ ಈ ಪತ್ರಿಕೆಯ ಓದುಗರಲ್ಲಿ ಹಾಗೆ ಮಾಡಿದವರಿಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ. ನಾವೇ ಈ ಇಪ್ಪತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದುದೂ ಮಗಳ ಮದುವೆಯಾಗಬೇಕೆಂಬ ಕಾರಣಕ್ಕೆ. ಈಗ ಆಗಿದೆ. ಬೀಗರು ಇದನ್ನು ಓದುತ್ತಾರೆ, ಓದಲಿ. 2020ರ ಮಾರ್ಚಿನಿಂದ ನವೆಂಬರ್ ನಡುವಿನವರೆಗೆ ಮಹಾರಾಷ್ಟ್ರದ ದೇವಾಲಯಗಳು ಭಕ್ತರಿಗೆ ಮುಚ್ಚಿದ್ದಾಗ, ಲೋಕಲ್ ಗಾಡಿಯೂ ಇಲ್ಲದೆ ಒಂದೊಂದು ಕೋಣೆಯಲ್ಲಿ ಕುಟುಂಬಗಳು ಕುಳಿತಿದ್ದ ಆ ದಿನಗಳಲ್ಲಿ, ಎಷ್ಟು ಮನೆಗಳಲ್ಲಿ ಈ ಕಾಯಿಲೆ ಹೊಕ್ಕಿತೋ ಭಗವಂತನಿಗೆ ಗೊತ್ತು. ಅಂದು ಯಾರಾದರೊಬ್ಬರು ಮೊದಲು ಮಾತನಾಡಬೇಕಾಗಿತ್ತು. ನಾವು ಮಾತನಾಡಬಹುದಾಗಿತ್ತು, ಆಡಲಿಲ್ಲ.

ಈಗ ನಾವು ಮಾತ್ರೆಯಿಲ್ಲದೆ ಇದ್ದೇವೆ, ವೈದ್ಯರ ಅಪ್ಪಣೆಯಂತೆಯೇ. ವರ್ಷಕ್ಕೊಮ್ಮೆ ಮಳೆಗಾಲದಲ್ಲಿ ಮೂರು ಗಂಟೆಗೆ ಎಚ್ಚರವಾಗುವುದುಂಟು. ಆಗ ನಮ್ಮ ಮನೆಯಾಕೆಯೂ ಎದ್ದು ದೀಪ ಹಾಕಿ "ಯಾವಾಗಿನಿಂದ?" ಎಂದು ಕೇಳುತ್ತಾಳೆ. ಎರಡು ದಿನವಾಯಿತೆಂದರೆ ಸುಮ್ಮನಿರುತ್ತಾಳೆ. ಎರಡು ವಾರವೆಂದರೆ ಆಸ್ಪತ್ರೆಯ ಹಳೆಯ ಕಾಗದಗಳ ಚೀಲವನ್ನು ಕಪಾಟಿನಿಂದ ತೆಗೆಯುತ್ತಾಳೆ. ಆ ಚೀಲವನ್ನು ದೇವರ ಮಂಟಪದ ಕೆಳಗಿನ ಕಪಾಟಿನಲ್ಲಿಯೇ ಇಟ್ಟಿದ್ದೇವೆ.

ಮುಂದಿನ ತಿಂಗಳಿನಿಂದ ಪ್ರತಿ ಶನಿವಾರ ಸಂಜೆ, ಪ್ರವಚನಕ್ಕೆ ಒಂದು ಗಂಟೆ ಮೊದಲು, ಮಠದ ಪುಸ್ತಕಗಳ ಕೋಣೆಯಲ್ಲಿ ನಾವು ಕುಳಿತಿರುತ್ತೇವೆ. ನಾವು ವೈದ್ಯರಲ್ಲ. ಆಸ್ಪತ್ರೆಗೆ ಜೊತೆಗೆ ಬರಬೇಕೆಂದರೆ ಬರುತ್ತೇವೆ. ಬೆಂಚಿನ ಮೇಲೆ ಎರಡೂವರೆ ಗಂಟೆ ಕೂರುವ ಅಭ್ಯಾಸವಿದೆ.

ಆ ತಾಯಿ ಮೊನ್ನೆ ಮತ್ತೆ ಬಂದಿದ್ದರು. ಮಾತ್ರೆ ಆರಂಭಿಸಿ ಮೂರು ವಾರವಾಯಿತಂತೆ. ಮಾವನವರೇ ದಿನವೂ ಬೆಳಿಗ್ಗೆ ತೀರ್ಥ ಕೊಟ್ಟ ಮೇಲೆ ಮಾತ್ರೆಯನ್ನು ಅಂಗೈಯಲ್ಲಿ ಇಡುತ್ತಾರಂತೆ. ಹುಡುಗನೂ ಜೊತೆಗೆ ಬಂದಿದ್ದ. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ಕುಳಿತಿದ್ದ. ಅರ್ಚಕರು ತುಳಸಿಯ ಬುಟ್ಟಿಯನ್ನೂ ನೂಲನ್ನೂ ಅವನ ಪಕ್ಕದಲ್ಲಿ ಇಟ್ಟು ಒಳಗೆ ಹೋದರು. ಪೂಜೆಯ ಹೊತ್ತಿಗೆ ಮಾಲೆ ಮೊಳದಷ್ಟು ಆಗಿತ್ತು. ಅಷ್ಟನ್ನೇ ಏರಿಸಿದರು.

ಶ್ರೀಕೃಷ್ಣಾರ್ಪಣಮಸ್ತು.